ಶಿಬಿರದ ಸೇವೆ, ಸಮಿತಿಯ ಕುರ್ಚಿ

ದೊಡ್ಡ ಆಪತ್ತೊಂದು ಎರಗಿದಾಗ ಮಹಿಳೆಯರು ಎಲ್ಲಿರುತ್ತಾರೆ ಎಂಬ ಪ್ರಶ್ನೆಗೆ ಸರ್ಕಾರಿ ಕಡತಗಳು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತವೆ: ಒಂದೋ ಅವರು ಸಂತ್ರಸ್ತರ ಪಟ್ಟಿಯಲ್ಲಿರುತ್ತಾರೆ, ಇಲ್ಲವೇ ಗಂಜಿ ಬಡಿಸುವ, ಗಾಯಕ್ಕೆ ಪಟ್ಟಿ ಕಟ್ಟುವ, ಮನೆಮನೆಗೆ ಹೋಗಿ ಲೆಕ್ಕ ಬರೆದುಕೊಳ್ಳುವ ಸೇವಕಿಯರ ಸಾಲಿನಲ್ಲಿರುತ್ತಾರೆ. ಮೂರನೆಯದೊಂದು ಸ್ಥಾನವೂ ಇದೆ. ಹಣ ಎಲ್ಲಿಗೆ ಹೋಗಬೇಕು, ಭೂಮಿ ಯಾರ ಹೆಸರಿಗೆ ದಾಖಲಾಗಬೇಕು, ಕಾನೂನಿನ ವಾಕ್ಯ ಹೇಗಿರಬೇಕು ಎಂಬುದನ್ನು ನಿರ್ಧರಿಸುವ ಸ್ಥಾನ ಅದು. ಲಿಂಗ ಸಮಾನತೆ, ಅಂದರೆ ಹೆಣ್ಣು ಗಂಡೆಂಬ ಕಾರಣಕ್ಕೆ ಹಕ್ಕು, ಅವಕಾಶ ಮತ್ತು ಅಧಿಕಾರಗಳಲ್ಲಿ ಭೇದವಿಲ್ಲದಿರುವುದು, ಮೊದಲೆರಡು ಸ್ಥಾನಗಳಲ್ಲಿ ಎಷ್ಟು ಮಹಿಳೆಯರಿದ್ದಾರೆ ಎಂಬುದರಿಂದ ಅಳೆಯುವ ವಿಷಯವಲ್ಲ. ಅಲ್ಲಿ ಅವರ ಸಂಖ್ಯೆ ಯಾವತ್ತೂ ಕಡಿಮೆಯಿದ್ದುದಿಲ್ಲ. ಕೊರತೆಯಿರುವುದು ಮೂರನೆಯದರಲ್ಲಿ. ದೆಹಲಿ ಮತ್ತು ಅದನ್ನು ಸುತ್ತುವರಿದ ಫರೀದಾಬಾದ್, ಗುರುಗ್ರಾಮ, ನೋಯ್ಡಾ, ಗಾಜಿಯಾಬಾದ್‌ಗಳನ್ನೊಳಗೊಂಡ ರಾಷ್ಟ್ರ ರಾಜಧಾನಿ ಪ್ರದೇಶದ ಚರಿತ್ರೆಯಲ್ಲಿ ಈ ಮಾತಿಗೆ ಬಲವಾದ ಸಾಕ್ಷ್ಯವಿದೆ. ಆ ಚರಿತ್ರೆಯ ನಡುವೆ ನಿಂತಿರುವವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಎಂಬುದು ಕನ್ನಡಿಗರಿಗೆ ಆಸಕ್ತಿಯ ಸಂಗತಿ.

1941ರ ಜನಗಣತಿಯಲ್ಲಿ ಸುಮಾರು 9 ಲಕ್ಷವಿದ್ದ ದೆಹಲಿ ಪ್ರಾಂತದ ಜನಸಂಖ್ಯೆ 1951ರ ಹೊತ್ತಿಗೆ 17 ಲಕ್ಷ ದಾಟಿತ್ತು. ಈ ಏರಿಕೆಗೆ ಮುಖ್ಯ ಕಾರಣ 1947ರ ದೇಶವಿಭಜನೆ. ಪಶ್ಚಿಮ ಪಂಜಾಬ್, ಸಿಂಧ್ ಮತ್ತು ವಾಯವ್ಯ ಗಡಿ ಪ್ರಾಂತಗಳಿಂದ ಬಂದ ಸುಮಾರು 5 ಲಕ್ಷ ನಿರಾಶ್ರಿತರು ರಾಜಧಾನಿಯಲ್ಲಿ ನೆಲೆ ನಿಂತರು, ಅದೇ ಹೊತ್ತಿನಲ್ಲಿ ಇಲ್ಲಿಯ ಮುಸಲ್ಮಾನ ಕುಟುಂಬಗಳು ಪುರಾನಾ ಕಿಲಾ ಮತ್ತು ಹುಮಾಯೂನ್ ಸಮಾಧಿಯ ಆವರಣಗಳಲ್ಲಿ ಆಶ್ರಯ ಪಡೆದು ಅಲ್ಲಿಂದ ಗಡಿಯಾಚೆಗೆ ಹೊರಟವು. ಪಶ್ಚಿಮದಿಂದ ಬಂದವರ ಅತಿ ದೊಡ್ಡ ಶಿಬಿರ ನಗರದ ಉತ್ತರಕ್ಕಿದ್ದ ಕಿಂಗ್ಸ್‌ವೇ ಕ್ಯಾಂಪ್. ಈ ಎಲ್ಲ ಶಿಬಿರಗಳಲ್ಲಿ ಮಹಿಳೆಯರ ದುಡಿಮೆ ಎದ್ದು ಕಾಣುತ್ತದೆ. 1947ರ ಅಕ್ಟೋಬರ್‌ನಲ್ಲಿ ಮಸ್ಸೂರಿಯ ಗಲಭೆಯಲ್ಲಿ ಪತಿಯನ್ನು ಕಳೆದುಕೊಂಡ ಅನೀಸ್ ಕಿದ್ವಾಯಿ ಗಾಂಧೀಜಿಯ ಸೂಚನೆಯಂತೆ ಪುರಾನಾ ಕಿಲಾದ ಶಿಬಿರಕ್ಕೆ ಸೇರಿ, ಮುಂದೆ ಅಲ್ಲಿಯ ಅನುಭವವನ್ನು ಉರ್ದುವಿನಲ್ಲಿ ಪುಸ್ತಕವಾಗಿ ಬರೆದರು. ಸುಚೇತಾ ಕೃಪಲಾನಿ, ಸುಭದ್ರಾ ಜೋಶಿ, ಮೃದುಲಾ ಸಾರಾಭಾಯಿ, ರಾಮೇಶ್ವರಿ ನೆಹರೂ ಇವರೆಲ್ಲ ಆ ತಿಂಗಳುಗಳಲ್ಲಿ ಬೀದಿಯಲ್ಲೂ ಶಿಬಿರಗಳಲ್ಲೂ ನಿಂತು ಕೆಲಸ ಮಾಡಿದವರು. ಸರ್ಕಾರವೂ ಪರಿಹಾರ ಮತ್ತು ಪುನರ್ವಸತಿ ಸಚಿವಾಲಯದಲ್ಲಿ ಮಹಿಳಾ ವಿಭಾಗವೊಂದನ್ನು ತೆರೆದು ಅದನ್ನು ರಾಮೇಶ್ವರಿ ನೆಹರೂ ಅವರಿಗೆ ಒಪ್ಪಿಸಿತು. ವಿಧವೆಯರು, ಮನೆಮಂದಿಯನ್ನು ಕಳೆದುಕೊಂಡ ಒಂಟಿ ಹೆಂಗಸರು, ಅನಾಥ ಮಕ್ಕಳು ಈ ವಿಭಾಗದ ವ್ಯಾಪ್ತಿಗೆ ಬಂದರು.

ಇಷ್ಟು ಮಂದಿ ಸಮರ್ಥ ಮಹಿಳೆಯರು ಮುಂಚೂಣಿಯಲ್ಲಿದ್ದೂ ಹೆಣ್ಣಿನ ಇಚ್ಛೆಗೆ ಬೆಲೆಯಿಲ್ಲದ ಕಾನೂನೊಂದು ಅದೇ ಕಾಲದಲ್ಲಿ ಜಾರಿಗೆ ಬಂತು. ಗಲಭೆಯಲ್ಲಿ ಅಪಹರಣಕ್ಕೊಳಗಾದ ಹೆಂಗಸರನ್ನು ಹುಡುಕಿ ಅವರವರ ದೇಶಕ್ಕೆ ತಲುಪಿಸಬೇಕೆಂದು ಭಾರತ ಮತ್ತು ಪಾಕಿಸ್ತಾನಗಳು 1947ರ ಡಿಸೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡವು. 1949ರಲ್ಲಿ ಭಾರತ ಅದಕ್ಕಾಗಿ ಕಾನೂನು ರೂಪಿಸಿತು. ಅದರ ವ್ಯಾಖ್ಯೆಯನ್ನು ಹತ್ತಿರದಿಂದ ನೋಡಬೇಕು. 1947ರ ಮಾರ್ಚ್ 1ರಂದು ಅಥವಾ ಅದರ ನಂತರ, ಆದರೆ 1949ರ ಜನವರಿ 1ಕ್ಕೆ ಮೊದಲು ತನ್ನ ಕುಟುಂಬದಿಂದ ಬೇರೆಯಾಗಿ ಬೇರೊಬ್ಬರ ಜೊತೆ ಅಥವಾ ಬೇರೊಂದು ಕುಟುಂಬದಲ್ಲಿ ವಾಸಿಸುತ್ತಿರುವುದು ಕಂಡುಬಂದ ಮುಸಲ್ಮಾನ ಬಾಲಕ ಹದಿನಾರು ವರ್ಷದೊಳಗಿನವನಾಗಿದ್ದರೆ ಮಾತ್ರ ಅಪಹೃತ. ಹೆಣ್ಣಾದರೆ ಯಾವ ವಯಸ್ಸಿನವಳಾದರೂ ಅಪಹೃತೆ. ಹದಿನೇಳರ ಹುಡುಗನಿಗೆ ಇದ್ದ ಸ್ವಂತ ಇಚ್ಛೆ ನಲವತ್ತರ ಹೆಂಗಸಿಗೆ ಇರಲಿಲ್ಲ ಎಂದಾಯಿತು. ಪೊಲೀಸರು ವಾರಂಟ್ ಇಲ್ಲದೆ ಮನೆ ಹೊಕ್ಕು ಅಂಥವಳನ್ನು ಶಿಬಿರಕ್ಕೆ ಒಯ್ಯಬಹುದಾಗಿತ್ತು, ಅವಳು ಯಾರು, ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಲು ನ್ಯಾಯಮಂಡಳಿಯಿತ್ತು, ಶಿಬಿರದಲ್ಲಿ ಅವಳನ್ನು ಇಟ್ಟುಕೊಂಡದ್ದನ್ನು ಪ್ರಶ್ನಿಸುವ ದಾರಿಯನ್ನು ಕಾನೂನೇ ಮುಚ್ಚಿತ್ತು. ಎರಡೂ ದೇಶಗಳಲ್ಲಿ ಒಟ್ಟಾಗಿ ಸುಮಾರು 30 ಸಾವಿರ ಮಂದಿಯನ್ನು ಹೀಗೆ ಹುಡುಕಿ ಕಳುಹಿಸಲಾಯಿತು. ಅವರಲ್ಲಿ ಬಹಳಷ್ಟು ಜನರಿಗೆ ಅದು ನಿಜವಾದ ಬಿಡುಗಡೆಯಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಹೊಸ ಮನೆಯಲ್ಲಿ ಬೇರು ಬಿಟ್ಟು ಮಕ್ಕಳ ತಾಯಿಯಾಗಿದ್ದ ಕೆಲವರಿಗೆ ಮಾತ್ರ ಅದು ಎರಡನೆಯ ಅಪಹರಣವಾಯಿತು.

ಈ ವಿಷಯದಲ್ಲಿ ಮಹಿಳಾ ನಾಯಕಿಯರು ಒಂದೇ ದನಿಯಲ್ಲಿ ಮಾತಾಡಲಿಲ್ಲ ಎಂಬುದನ್ನೂ ಗಮನಿಸಬೇಕು. ಶೋಧಕಾರ್ಯದ ಚುಕ್ಕಾಣಿ ಹಿಡಿದಿದ್ದ ಮೃದುಲಾ ಸಾರಾಭಾಯಿ ಅದು ಪೂರ್ಣವಾಗಿ ನಡೆಯಲೇಬೇಕೆಂದು ಪಟ್ಟು ಹಿಡಿದರು. ಒಲ್ಲದವರನ್ನು ಬಲವಂತವಾಗಿ ಎಳೆದೊಯ್ಯುವುದು ಮಾನವೀಯವಲ್ಲವೆಂದು ವಾದಿಸಿದ ರಾಮೇಶ್ವರಿ ನೆಹರೂ 1949ರಲ್ಲಿ ತಮ್ಮ ಹೊಣೆಗಾರಿಕೆಯಿಂದ ಹಿಂದೆ ಸರಿದರು. ಇಬ್ಬರೂ ಪ್ರಾಮಾಣಿಕರು. ಆದರೆ ಕಾನೂನಿನ ವ್ಯಾಖ್ಯೆ ಎರಡು ಸರ್ಕಾರಗಳ ಪ್ರತಿಷ್ಠೆಯ ಲೆಕ್ಕಾಚಾರದಲ್ಲಿ ಸಿದ್ಧವಾಗಿತ್ತು, ಅದನ್ನು ಜಾರಿಗೆ ತರುವ ಕೆಲಸ ಮಾತ್ರ ಮಹಿಳೆಯರ ಪಾಲಿಗೆ ಬಂದಿತ್ತು. ಹೀಗಾಗಿ ನಾಯಕಿಯರ ಎದುರು ಉಳಿದದ್ದು ಎರಡೇ ದಾರಿ: ಒಪ್ಪಿ ನಡೆಸುವುದು ಅಥವಾ ಬಿಟ್ಟು ಹೋಗುವುದು. ವಿಭಜನೆಯ ಹೆಣ್ಣಿನ ಚರಿತ್ರೆಯನ್ನು 1998ರಲ್ಲಿ ಪ್ರಕಟವಾದ ತಮ್ಮ ತಮ್ಮ ಗ್ರಂಥಗಳಲ್ಲಿ ಬಿಡಿಸಿಟ್ಟ ಊರ್ವಶಿ ಬುಟಾಲಿಯಾ ಹಾಗೂ ರಿತು ಮೆನನ್ ಮತ್ತು ಕಮಲಾ ಭಸೀನ್ ಅವರ ಬರಹಗಳ ನಂತರವೇ ಈ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂತೆನ್ನಬಹುದು. ನಡುವೆ ಐವತ್ತು ವರ್ಷ ಕಳೆದುಹೋಗಿತ್ತು.

ಕಮಲಾದೇವಿ ಹಿಡಿದ ದಾರಿ ಬೇರೆ. 1903ರಲ್ಲಿ ಮಂಗಳೂರಿನ ಧಾರೇಶ್ವರ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮದುವೆಯಾಗಿ ಬಹುಬೇಗ ವಿಧವೆಯಾಗಿ, ಮುಂದೆ ಓದಿ, ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದ ಅವರು 1926ರಲ್ಲಿ ಮದರಾಸು ಶಾಸನಸಭೆಗೆ ಮಂಗಳೂರಿನಿಂದ ಸ್ಪರ್ಧಿಸಿ ತೀರ ಕಡಿಮೆ ಮತಗಳಿಂದ ಸೋತಿದ್ದರು; ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ. 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಯ ಹೊಣೆ ಹೊತ್ತವರು ಅವರು, ಅದೇ ಸಮ್ಮೇಳನದ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಂಗಸರನ್ನು ಹೊರಗಿಡುವ ಗಾಂಧೀಜಿಯ ಮೊದಲ ನಿಲುವನ್ನು ಎದುರಿಸಿ ಬದಲಾಯಿಸಿದವರಲ್ಲಿ ಅವರೂ ಒಬ್ಬರು. ಅವರದೇ ಊರಿನಲ್ಲಿ 1892ರಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆ ನಿಂತ ಉಮಾಬಾಯಿ ಕುಂದಾಪುರ ಅವರನ್ನೂ ಇಲ್ಲಿ ನೆನೆಯಬೇಕು. ಡಾ. ನಾ.ಸು. ಹರ್ಡೀಕರರ ಹಿಂದೂಸ್ಥಾನಿ ಸೇವಾದಳದ ಮಹಿಳಾ ವಿಭಾಗವನ್ನು ಕಟ್ಟಿ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ನೂರಾರು ಸ್ವಯಂಸೇವಕಿಯರನ್ನು ಮುನ್ನಡೆಸಿದ ಉಮಾಬಾಯಿ, 1934ರ ಬಿಹಾರ ಭೂಕಂಪದ ಸಂತ್ರಸ್ತರ ನೆರವಿಗೆ ತಮ್ಮ ತಂಡದೊಂದಿಗೆ ಅಲ್ಲಿಯವರೆಗೆ ಹೋಗಿದ್ದರು. ಆಪತ್ತಿಗೆ ಸ್ಪಂದಿಸುವುದಕ್ಕೆ ಬೇಕಾದ ಶಿಸ್ತು ಆಪತ್ತು ಬಂದ ದಿನ ಹುಟ್ಟುವುದಿಲ್ಲ. ಕರ್ನಾಟಕದ ಈ ಹೆಣ್ಣುಮಕ್ಕಳು ಅದನ್ನು ಎರಡು ದಶಕ ಮೊದಲೇ ಕಲಿತಿದ್ದರು.

ನಿರಾಶ್ರಿತರ ವಿಷಯದಲ್ಲಿ ಕಮಲಾದೇವಿಯ ಮೂಲ ತಕರಾರು ಕೂರಿಸಿ ಉಣ್ಣಿಸುವ ಪದ್ಧತಿಯ ಮೇಲಿತ್ತು. ಊರು, ಹೊಲ, ಅಂಗಡಿ ಎಲ್ಲವನ್ನೂ ಕಳೆದುಕೊಂಡು ಬಂದವರನ್ನು ತಿಂಗಳುಗಟ್ಟಲೆ ಪಡಿತರದ ಸರದಿಯಲ್ಲಿ ನಿಲ್ಲಿಸಿದರೆ ಅವರ ಕೈಗಳ ಕಸುಬೂ ಮನಸ್ಸಿನ ಧೈರ್ಯವೂ ಒಟ್ಟಿಗೆ ಹೋಗುತ್ತವೆ, ಆದ್ದರಿಂದ ಅವರೇ ಸದಸ್ಯರೂ ಒಡೆಯರೂ ಆಗಿರುವ ಸಹಕಾರ ಸಂಘಗಳ ಮೂಲಕ ಅವರ ಬದುಕನ್ನು ಅವರೇ ಕಟ್ಟಿಕೊಳ್ಳಬೇಕು ಎಂಬುದು ಅವರ ವಾದ. ಸಹಕಾರ ಸಂಘವೆಂದರೆ ಸದಸ್ಯರು ಷೇರು ಹಾಕಿ, ಒಬ್ಬರಿಗೆ ಒಂದೇ ಮತದ ನಿಯಮದಂತೆ ಆಡಳಿತ ನಡೆಸಿ, ಬಂದ ಲಾಭವನ್ನು ತಮ್ಮಲ್ಲೇ ಹಂಚಿಕೊಳ್ಳುವ ಸಂಸ್ಥೆ. ಇದಕ್ಕಾಗಿ 1948ರಲ್ಲಿ ದೆಹಲಿಯಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪನೆಯಾಯಿತು. ಕಿಂಗ್ಸ್‌ವೇ ಕ್ಯಾಂಪಿನ ಹಡ್ಸನ್ ಲೈನ್ಸ್ ಭಾಗದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಯುವಕ ಲಕ್ಷ್ಮೀಚಂದ್ ಜೈನ್ ಕಮಲಾದೇವಿಯ ಬಲಗೈಯಾದರು. ಮೊದಲ ಪ್ರಯೋಗ ನಡೆದದ್ದು ಮೆಹ್ರೌಲಿಯ ಬಳಿಯ ಛತ್ತರ್‌ಪುರದಲ್ಲಿ. ವಲಸೆ ಹೋದವರು ಬಿಟ್ಟುಹೋಗಿದ್ದ ಜಮೀನಿನಲ್ಲಿ ಪಶ್ಚಿಮ ಪಂಜಾಬಿನ ರೈತ ಕುಟುಂಬಗಳು ಸಹಕಾರಿ ಬೇಸಾಯಕ್ಕೆ ಇಳಿದವು. ಇಂದು ಆ ಪ್ರದೇಶ ದೊಡ್ಡ ದೇವಸ್ಥಾನಕ್ಕೂ ಸಿರಿವಂತರ ತೋಟದ ಮನೆಗಳಿಗೂ ಹೆಸರಾಗಿದೆ, ಬೇಸಾಯದ ಆ ಪ್ರಯೋಗದ ನೆನಪು ಅಲ್ಲಿಯವರಿಗೂ ಕಡಿಮೆ.

ಫರೀದಾಬಾದ್ ಅದಕ್ಕಿಂತ ಬಹಳ ದೊಡ್ಡ ಕೆಲಸ. ಬನ್ನು, ಕೊಹಾಟ್, ಡೇರಾ ಇಸ್ಮಾಯಿಲ್ ಖಾನ್, ಪೇಶಾವರಗಳಿಂದ ಬಂದ ಹತ್ತಾರು ಸಾವಿರ ನಿರಾಶ್ರಿತರಿಗೆ ದೆಹಲಿಯ ದಕ್ಷಿಣಕ್ಕೆ ಹೊಸ ಪಟ್ಟಣವೊಂದನ್ನು ಕಟ್ಟಲು 1949ರಲ್ಲಿ ಅಭಿವೃದ್ಧಿ ಮಂಡಳಿ ರಚನೆಯಾಯಿತು, ಅದರ ಸಭೆಗಳಲ್ಲಿ ಪ್ರಧಾನಿ ನೆಹರೂ ಖುದ್ದಾಗಿ ಕೂರುತ್ತಿದ್ದರು. ಲೋಕೋಪಯೋಗಿ ಇಲಾಖೆ ತನ್ನ ವಾಡಿಕೆಯಂತೆ ಗುತ್ತಿಗೆದಾರರಿಂದ ಮನೆ ಕಟ್ಟಿಸಲು ಹೊರಟಾಗ, ಮನೆಯಲ್ಲಿ ಇರಬೇಕಾದವರು ನಿರುದ್ಯೋಗಿಗಳಾಗಿ ಕೂತು ಹೊರಗಿನ ಕೂಲಿಗಳು ಅವರ ಗೋಡೆ ಎಬ್ಬಿಸುವುದರಲ್ಲಿ ಏನರ್ಥ ಎಂಬ ಪ್ರಶ್ನೆ ಎದ್ದಿತು. ಕಮಲಾದೇವಿ ಮತ್ತು ಅವರ ಯೂನಿಯನ್ ನಿರಾಶ್ರಿತರ ಪರವಾಗಿ ನಿಂತವು. ಕೊನೆಗೆ ನಿರಾಶ್ರಿತರೇ ಕಾರ್ಮಿಕ ಸಹಕಾರ ಸಂಘಗಳನ್ನು ಕಟ್ಟಿಕೊಂಡು, ಕಲ್ಲು ಗಾರೆ ಹೊತ್ತು, ಅದುವರೆಗೆ ತಕ್ಕಡಿ ಹಿಡಿದು ಗೊತ್ತಿದ್ದವರು ಕರಣೆ ಹಿಡಿಯುವುದನ್ನು ಕಲಿತು ತಮ್ಮ ಮನೆಗಳನ್ನೂ ರಸ್ತೆಗಳನ್ನೂ ಶಾಲೆಗಳನ್ನೂ ಕಟ್ಟಿದರು. ಪುಕ್ಕಟೆ ಪಡಿತರದ ಜಾಗದಲ್ಲಿ ದುಡಿಮೆಯ ಕೂಲಿ ಬಂತು. ಒಂದರಿಂದ ಐದರವರೆಗೆ ಸಂಖ್ಯೆಗಳಲ್ಲೇ ಇಂದಿಗೂ ಗುರುತಾಗುವ ಅಲ್ಲಿಯ ಎನ್‌ಐಟಿ (ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್) ಬಡಾವಣೆಗಳು ಆ ಕಾಲದವು. ವಾಯವ್ಯ ಗಡಿಯ ನಾಯಕ ಖಾನ್ ಅಬ್ದುಲ್ ಗಫಾರ್ ಖಾನರ ಮೇಲಿನ ಅಭಿಮಾನದಿಂದ ತಮ್ಮ ಆಸ್ಪತ್ರೆಗೆ ನಿರಾಶ್ರಿತರು ಇಟ್ಟ ಬಾದಶಾ ಖಾನ್ ಎಂಬ ಹೆಸರು ಊರವರ ಬಾಯಲ್ಲಿ ಬಿ.ಕೆ. ಆಸ್ಪತ್ರೆಯೆಂದೂ ಬಿ.ಕೆ. ಚೌಕವೆಂದೂ ಬಳಕೆಗೆ ಬಂದಿದೆ.

ಈ ಕಥನದಲ್ಲಿ ಕಮಲಾದೇವಿಯ ಪಾತ್ರದ ವಿಶೇಷವೇನೆಂದರೆ, ಅವರು ಮಹಿಳಾ ವಿಭಾಗದೊಳಗೆ ಮಾತ್ರ ಇರಲು ಒಪ್ಪಲಿಲ್ಲ. ಭೂಮಿ, ಕಟ್ಟಡ ನಿರ್ಮಾಣ, ಬಂಡವಾಳ, ಮಾರುಕಟ್ಟೆ ಇವೆಲ್ಲ ಗಂಡಸರ ವಿಷಯ, ಹೊಲಿಗೆ ತರಬೇತಿ ಹೆಂಗಸರ ವಿಷಯ ಎಂಬ ವಿಂಗಡಣೆ ಆ ಕಾಲದ ಆಡಳಿತದಲ್ಲಿ ಸಹಜವಾಗಿತ್ತು, ಈಗಲೂ ಬಹುಮಟ್ಟಿಗೆ ಹಾಗೇ ಇದೆ. ಹೊಲಿಗೆಯನ್ನೂ ಕಸೂತಿಯನ್ನೂ ಕಮಲಾದೇವಿ ಕೈಬಿಡಲಿಲ್ಲ. ಆದರೆ ಅವನ್ನು ಕಾಲ ಕಳೆಯುವ ತರಬೇತಿಯಾಗಿ ಅಲ್ಲ, ವ್ಯಾಪಾರವಾಗಿ ಕಂಡರು. ನಿರಾಶ್ರಿತ ಹೆಂಗಸರ ಕೈಕೆಲಸವನ್ನು ಮಾರಲು ದೆಹಲಿಯಲ್ಲಿ ಮಳಿಗೆ ತೆರೆಯುವ ಪ್ರಯತ್ನದಲ್ಲಿ ಫೋರಿ ನೆಹರೂ, ಹಾಗೂ ಮಂಗಳೂರು ಮೂಲದ ಪತ್ರಕರ್ತ ಬೆನಗಲ್ ಶಿವರಾವ್ ಅವರ ಪತ್ನಿ ವಿಯೆನ್ನಾದ ಕಿಟ್ಟಿ ಶಿವರಾವ್ ಮೊದಲಾದವರು ದುಡಿದಿದ್ದರು. 1952ರಲ್ಲಿ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂನ ಆಡಳಿತವನ್ನು ಸರ್ಕಾರ ಕಮಲಾದೇವಿಯ ಯೂನಿಯನ್‌ಗೆ ವಹಿಸಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆಯೂ ಅವರಿಗೆ ಬಂತು. ನಿರಾಶ್ರಿತರ ಮಳಿಗೆಯಿಂದ ಆರಂಭವಾದ ಯೋಚನೆ ಇಡೀ ದೇಶದ ಕುಶಲಕರ್ಮಿಗಳ ಆರ್ಥಿಕ ನೀತಿಯಾಗಿ ಬೆಳೆದ ಬಗೆ ಇದು.

ಆದರೆ ಫರೀದಾಬಾದ್ ಸಹಕಾರ ಸಂಘಗಳ ಬದುಕು ಅಲ್ಪಾಯುಷ್ಯದ್ದು. 1950ರ ದಶಕದ ಆರಂಭದಲ್ಲೇ ಪುನರ್ವಸತಿ ಸಚಿವಾಲಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು, ಸಂಘಗಳು ಒಂದೊಂದಾಗಿ ಮುಚ್ಚಿದವು. ಆ ನಿರಾಸೆಯನ್ನೂ ಸೇರಿಸಿ ಲಕ್ಷ್ಮೀಚಂದ್ ಜೈನ್ 1998ರಲ್ಲಿ ಫರೀದಾಬಾದಿನ ಕಥೆಯನ್ನು ಪುಸ್ತಕವಾಗಿ ಬರೆದರು. ಪ್ರಧಾನಿಯ ಬೆಂಬಲ, ನಾಯಕಿಯ ವರ್ಚಸ್ಸು, ಜನರ ಶ್ರಮ ಮೂರೂ ಇದ್ದರೂ ನಿರ್ಧಾರದ ಅಧಿಕಾರಕ್ಕೆ ಕಾನೂನಿನ ಆಸರೆ ಇರಲಿಲ್ಲ, ಆದ್ದರಿಂದ ಇಲಾಖೆ ಕೈಹಾಕಿದಾಗ ತಡೆಯುವ ಬಲವೂ ಇರಲಿಲ್ಲ. ಇದರ ಜೊತೆ ಇನ್ನೊಂದು ಮಿತಿಯನ್ನೂ ಹೇಳಬೇಕು. ನಿರಾಶ್ರಿತರಿಗೆ ಪರಿಹಾರ ಕೊಡುವ 1950 ಮತ್ತು 1954ರ ಕಾನೂನುಗಳು ಕಳೆದುಕೊಂಡ ಆಸ್ತಿಯ ಲೆಕ್ಕದ ಮೇಲೆ ನಿಂತಿದ್ದವು. ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು 1956ರಲ್ಲಿ; ಅದಕ್ಕೆ ಮೊದಲು ಹೆಣ್ಣಿನ ಹೆಸರಿನಲ್ಲಿ ಆಸ್ತಿ ಇದ್ದದ್ದೇ ಅಪರೂಪ. ಹೀಗೆ ಹಳೆಯ ಅಸಮಾನತೆಯನ್ನೇ ಅಡಿಪಾಯ ಮಾಡಿಕೊಂಡು ಹೊಸ ಬದುಕಿನ ಪರಿಹಾರ ಹಂಚಿಕೆಯಾಯಿತು.

ಕಮಲಾದೇವಿ ಬಿಟ್ಟ ಎಳೆಯನ್ನು ಹಿಡಿದವರಲ್ಲಿ ಮೈಸೂರಿನಲ್ಲಿ 1933ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಮುಖ್ಯರು. ಲಕ್ಷ್ಮೀಚಂದ್ ಜೈನರನ್ನು ಮದುವೆಯಾದ ಅವರು ದೆಹಲಿಯ ಮಿರಾಂಡಾ ಹೌಸ್‌ನಲ್ಲಿ ಪಾಠ ಹೇಳಿ, ನಂತರ ಸಂಶೋಧನೆಗೆ ತಿರುಗಿ, ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನರ ದಿನದ ಒಂದೊಂದು ಗಂಟೆಯೂ ಯಾವ ಕೆಲಸಕ್ಕೆ ಹೋಗುತ್ತದೆಂದು ದಾಖಲಿಸುವ ಅಧ್ಯಯನವನ್ನು 1970ರ ದಶಕದಲ್ಲಿ ನಡೆಸಿದರು. ಸಮಯಬಳಕೆ ಸಮೀಕ್ಷೆ ಎಂದು ಇದನ್ನು ಕರೆಯುತ್ತಾರೆ. ಸರ್ಕಾರಿ ಅಂಕಿಅಂಶಗಳು ಕೆಲಸವಿಲ್ಲದವರೆಂದು ಬರೆದುಕೊಂಡಿದ್ದ ಹೆಂಗಸರು ನಿಜವಾಗಿ ದುಡಿಯುತ್ತಿದ್ದಾರೆಂದು ಅದು ತೋರಿಸಿತು. ಇಡೀ ದೇಶಕ್ಕೆ ಇಂಥ ಸಮೀಕ್ಷೆಯನ್ನು ಸರ್ಕಾರ ನಡೆಸಿದ್ದು 2019ರಲ್ಲಿ: ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ನಿಮಿಷವಾಗಿದೆ. ಹೆಣ್ಣಿನ ಹೊರೆ ಹತ್ತು ನಿಮಿಷ ಇಳಿಯುವಷ್ಟರಲ್ಲಿ ಗಂಡಿನ ಪಾಲೂ ಒಂಬತ್ತು ನಿಮಿಷ ಇಳಿದಿದೆ. ಬೆಳಗಾದರೆ ಐದು ಗಂಟೆ ಮನೆಗೆ ಮೀಸಲಿಡಬೇಕಾದವಳು ವಿಪತ್ತು ನಿರ್ವಹಣೆಯ ಸಭೆಗೆ ಯಾವ ಹೊತ್ತಿನಲ್ಲಿ ಬರಬೇಕೆಂಬುದನ್ನು ನಾಯಕತ್ವದ ಬಗ್ಗೆ ಮಾತಾಡುವವರು ಯೋಚಿಸುವುದು ಕಡಿಮೆ.

ಈ ಎಣಿಕೆಯ ಲೋಪಕ್ಕೆ ಇತ್ತೀಚಿನ ಉದಾಹರಣೆ ಆಶಾ ಕಾರ್ಯಕರ್ತೆಯರದು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಭಾಗವಾಗಿ ಹುಟ್ಟಿ ನಗರಗಳಿಗೂ ಹಬ್ಬಿದ ಈ ವ್ಯವಸ್ಥೆಯಲ್ಲಿ ಆಶಾ ಎಂಬವಳು ನೌಕರಳಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಪಡೆಯುವ ಸ್ವಯಂಸೇವಕಿ. 2020ರಲ್ಲಿ ಕೋವಿಡ್ ಹರಡಿದಾಗ ದೆಹಲಿಯ ಇಕ್ಕಟ್ಟಾದ ಬಸ್ತಿಗಳಲ್ಲೂ ಕರ್ನಾಟಕದ ಹಳ್ಳಿಗಳಲ್ಲೂ ಮನೆ ಬಾಗಿಲು ತಟ್ಟಿ ಸೋಂಕಿತರನ್ನು ಗುರುತಿಸಿದವರು ಇವರೇ. ಈ ಹೆಚ್ಚುವರಿ ಕೆಲಸಕ್ಕೆ ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ. ಅದೇ ವರ್ಷದ ಆಗಸ್ಟ್‌ನಲ್ಲಿ ಸರಿಯಾದ ವೇತನ ಮತ್ತು ರಕ್ಷಣಾ ಸಾಮಗ್ರಿಗಾಗಿ ಜಂತರ್ ಮಂತರ್‌ನಲ್ಲಿ ಸೇರಿದ ದೆಹಲಿಯ ಆಶಾಗಳ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರೆಂದು ಗೌರವಿಸಿತು. ಜಿನೀವಾದಲ್ಲಿ ನಾಯಕಿ, ದೆಹಲಿಯಲ್ಲಿ ಸ್ವಯಂಸೇವಕಿ ಎಂಬ ಈ ಸ್ಥಿತಿಗೆ ಬೇರೆ ಟೀಕೆ ಬೇಕಿಲ್ಲ. ಪ್ರವಾಹದಲ್ಲೂ ಇದೇ ಪ್ರಶ್ನೆ. 2023ರ ಜುಲೈ 13ರಂದು ದೆಹಲಿಯ ಹಳೆಯ ರೈಲ್ವೆ ಸೇತುವೆಯ ಬಳಿ ಯಮುನೆ 208.66 ಮೀಟರ್‌ಗೆ ಏರಿ ಹಳೆಯ ದಾಖಲೆಗಳನ್ನೆಲ್ಲ ಮುರಿದಾಗ, ನದಿಪಾತ್ರದ ಖಾದರ್ ಪ್ರದೇಶದ ರೈತ ಕುಟುಂಬಗಳು ಮಯೂರ್ ವಿಹಾರದ ಮೇಲ್ಸೇತುವೆಯ ಬದಿಯ ಡೇರೆಗಳಿಗೆ ಬಂದವು. ಕುಡಿಯುವ ನೀರು, ಮರೆಯಿರುವ ಶೌಚಾಲಯ, ರಾತ್ರಿಯ ಬೆಳಕು ಇಂಥ ಕಡೆ ಮೊದಲು ಹೆಂಗಸರನ್ನೇ ಕಾಡುವ ಪ್ರಶ್ನೆಗಳು. ಡೇರೆ ಎಲ್ಲಿ ಹಾಕಬೇಕೆಂದು ನಿರ್ಧರಿಸುವ ಹಂತದಲ್ಲಿ ಅವರ ಮಾತು ಕೇಳಿದರೆ ಪರಿಹಾರ ಸುಲಭ, ಹಾಕಿದ ಮೇಲೆ ಕೇಳಿದರೆ ಕಷ್ಟ.

ಬರಹದ ಮಟ್ಟದಲ್ಲಿ ಭಾರತ ಇದನ್ನೆಲ್ಲ ಒಪ್ಪಿಕೊಂಡಿದೆ. 2016ರ ನವೆಂಬರ್‌ನಲ್ಲಿ ನವದೆಹಲಿಯಲ್ಲಿ ನಡೆದ ವಿಪತ್ತು ಅಪಾಯ ತಗ್ಗಿಸುವ ಏಷ್ಯಾದ ಸಚಿವರ ಸಮ್ಮೇಳನದಲ್ಲಿ ಪ್ರಧಾನಿ ಮಂಡಿಸಿದ ಹತ್ತು ಅಂಶಗಳಲ್ಲಿ ಮಹಿಳೆಯರ ನಾಯಕತ್ವವೂ ಒಂದು. 2005ರ ವಿಪತ್ತು ನಿರ್ವಹಣಾ ಕಾಯಿದೆ ಪರಿಹಾರ ಹಂಚಿಕೆಯಲ್ಲಿ ಲಿಂಗಭೇದವನ್ನು ನಿಷೇಧಿಸುತ್ತದೆ, ವಿಧವೆಯರಿಗೂ ಅನಾಥರಿಗೂ ವಿಶೇಷ ವ್ಯವಸ್ಥೆ ಇರಬೇಕೆನ್ನುತ್ತದೆ. ಆದರೆ ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಪ್ರಾಧಿಕಾರಗಳಲ್ಲಿ ಮಹಿಳೆಯರಿಗೆ ಸ್ಥಾನ ಕಾಯ್ದಿರಿಸುವುದಿಲ್ಲ. ಪಡೆಯುವವಳಾಗಿ ಹೆಣ್ಣು ಅಲ್ಲಿ ಕಾಣುತ್ತಾಳೆ, ನಿರ್ಧರಿಸುವವಳಾಗಿ ಕಾಣುವುದಿಲ್ಲ. ಮೀಸಲಾತಿಯ ವಿಷಯದಲ್ಲಿ ಇದಕ್ಕಿಂತ ಮುಂದೆ ಹೋದ ಉದಾಹರಣೆಗಳು ದೇಶದಲ್ಲೇ ಇವೆ. ಕರ್ನಾಟಕದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾನೂನು ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇಕಡಾ 25 ಸ್ಥಾನ ಕೊಟ್ಟಿತು, 1987ರ ಚುನಾವಣೆಯಲ್ಲಿ ಅದು ಜಾರಿಯಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಗೆ ಅದು ದಾರಿ ಮಾಡಿತು. ದೆಹಲಿಯ ಮಹಾನಗರ ಪಾಲಿಕೆ ಚುನಾವಣೆಗಳಲ್ಲಿ 2012ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಸಂಸತ್ತು ಮತ್ತು ವಿಧಾನಸಭೆಗಳಿಗೆ ಸಂಬಂಧಿಸಿದ 2023ರ ತಿದ್ದುಪಡಿಯನ್ನು ಮಾತ್ರ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ನಂತರಕ್ಕೆ ಮುಂದೂಡಲಾಯಿತು.

2025ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆಗೆ ಬಂದ ತಿದ್ದುಪಡಿಯು ರಾಜ್ಯಗಳ ರಾಜಧಾನಿಗಳಿಗೂ ಮಹಾನಗರ ಪಾಲಿಕೆಯಿರುವ ನಗರಗಳಿಗೂ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರವೆಂಬ ಹೊಸ ಸಂಸ್ಥೆಯನ್ನು ರಚಿಸಲು ಅವಕಾಶ ಕೊಟ್ಟಿದೆ. ದೆಹಲಿ ಮತ್ತು ಚಂಡೀಗಢ ಇದರಿಂದ ಹೊರಗಿವೆ. ಆದರೆ ಕಮಲಾದೇವಿಯ ಫರೀದಾಬಾದ್ ಒಳಗೆ ಬರುತ್ತದೆ, ಗುರುಗ್ರಾಮ ಬರುತ್ತದೆ, ಕರ್ನಾಟಕದಲ್ಲಿ ಮಂಗಳೂರೂ ಹುಬ್ಬಳ್ಳಿ-ಧಾರವಾಡವೂ ಬರುತ್ತವೆ. ಪಾಲಿಕೆಯ ಆಯುಕ್ತರು ಅದರ ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು. ಉಳಿದ ಸದಸ್ಯರು ಯಾರಿರಬೇಕೆಂಬುದನ್ನು ರಾಜ್ಯ ಸರ್ಕಾರಗಳ ವಿವೇಚನೆಗೆ ಬಿಡಲಾಗಿದೆ. ಆ ಸದಸ್ಯರಲ್ಲಿ ಆಶಾ ಕಾರ್ಯಕರ್ತೆಯರು ತಾವೇ ಆರಿಸಿ ಕಳುಹಿಸಿದ ಪ್ರತಿನಿಧಿಯೊಬ್ಬಳನ್ನು, ಸ್ವಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿಯೊಬ್ಬಳನ್ನು, ತಗ್ಗು ಪ್ರದೇಶದ ವಾರ್ಡುಗಳ ಪಾಲಿಕೆ ಸದಸ್ಯೆಯರನ್ನು ಮತದ ಹಕ್ಕಿನೊಂದಿಗೆ ಸೇರಿಸಲು ಸಂವಿಧಾನ ತಿದ್ದುಪಡಿಯಾಗಲಿ ಸಂಸತ್ತಿನ ಹೊಸ ಕಾನೂನಾಗಲಿ ಬೇಕಿಲ್ಲ, ರಾಜ್ಯ ಸರ್ಕಾರದ ಒಂದು ಅಧಿಸೂಚನೆ ಸಾಕು.